ಕಾಡಿನ ಕೆಲಸ: ಕಂಡದ್ದನ್ನು ಕಂಡಂತೆ ಬರೆಯುವುದು



ಕೋಲಾರದ ಚಿನ್ನದ ಗಣಿ ಎಂದೊಡನೆ ನಿಮಗೆ ಸುರಂಗ ನೆನಪಾಗುತ್ತದೆ, ಚಿನ್ನ ನೆನಪಾಗುತ್ತದೆ. ಕಾಡು ನೆನಪಾಗುವುದಿಲ್ಲ. ಮೈಸೂರು ಮೈನ್ಸ್ ಬಳಿ ನಿಂತು ಸುತ್ತ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳೇ. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದ ಸಹಾಯದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣಿನ ರಾಶಿಗಳು ಅವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದಿಬ್ಬಗಳು ಉಳಿದುಕೊಂಡವು.

ಆದರೆ ಅಲ್ಲಿಂದ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಗೆ ಹೊರಟರೆ ನೋಟ ಬದಲಾಗುತ್ತದೆ. ಬಂಡೆಗುಡ್ಡಗಳು, ಕುರುಚಲು ಕಾಡು, ನಡುನಡುವೆ ರಾಗಿ ಮತ್ತು ಟೊಮೆಟೊ ಹೊಲಗಳು. ಒಂದು ಕಡೆ ತಮಿಳುನಾಡು, ಇನ್ನೊಂದು ಕಡೆ ಆಂಧ್ರಪ್ರದೇಶ. ಈ ಗಡಿಗಳ ಲೆಕ್ಕವಿಲ್ಲದೆ ಮೂರೂ ರಾಜ್ಯಗಳಲ್ಲಿ ಓಡಾಡುವ ಪ್ರಾಣಿಯೊಂದಿದೆ. ಅದು ಆನೆ. ಬಹುಕಾಲ ಆನೆಗಳೇ ಇಲ್ಲದಿದ್ದ ಚಿತ್ತೂರು ಜಿಲ್ಲೆಗೆ 1980ರ ದಶಕದಲ್ಲಿ ಅವು ಮತ್ತೆ ಬಂದವು. ಆಂಧ್ರ ಸರ್ಕಾರ 1990ರಲ್ಲಿ ಕೌಂಡಿನ್ಯ ಅಭಯಾರಣ್ಯವನ್ನು ರಚಿಸಿತು. ಅದೇ ಆನೆಗಳ ಓಡಾಟದ ಸೀಮೆ ನಮ್ಮ ಕಾಮಸಮುದ್ರದ ಕಡೆಗೂ ಚಾಚಿಕೊಂಡಿದೆ.

ಈ ಕಾಡು ಸರ್ಕಾರದ ಕಾಡು, ಎಂದರೆ ಸಾರ್ವಜನಿಕರ ಆಸ್ತಿ. ಇಂಥ ಕಾಡಿನಲ್ಲಿ ತರಬೇತಿ ವಿದ್ಯಾರ್ಥಿಯಾಗಿ ಕೆಲವು ವಾರ ಕೆಲಸ ಮಾಡುವುದೆಂದರೆ ಏನು? ಅಲ್ಲಿ ಕಲಿಯುವುದು ಏನನ್ನು? ಈ ಕುರಿತು ನಾಲ್ಕು ಮಾತು ಹೇಳಲು ಬಂದಿದ್ದೇನೆ. ನಾನು ಅರಣ್ಯಾಧಿಕಾರಿಯಲ್ಲ. ವಿಜ್ಞಾನದ ಪದವಿ ಪಡೆದು ದೂರದರ್ಶನದ ಕೆಲಸಕ್ಕೆ ಬಂದವನು. ಕಾಡಿನ ಕೆಲಸದ ಮೊದಲ ಪಾಠವನ್ನು ನನಗೆ ಕಲಿಸಿದ್ದು ಒಬ್ಬ ತರಬೇತಿ ವಿದ್ಯಾರ್ಥಿನಿ, ಅದೂ ನನ್ನ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಆನೆ ಗಣತಿಯ ಅಭ್ಯಾಸವನ್ನು ಚಿತ್ರೀಕರಿಸಲು ನಾವು ಅಲ್ಲಿಗೆ ಹೋಗಿದ್ದೆವು. ಆಕೆಯ ತಾತ ಗಣಿಯಲ್ಲಿ ದುಡಿದವರು. ಮನೆಮಾತು ತಮಿಳು, ಓದಿದ್ದು ಕನ್ನಡ. ಜೊತೆಯಲ್ಲಿದ್ದ ವಾಚರ್ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುವ ಹಿರಿಯರು. ಅವರು ಏನುಗು ಎಂದರೆ ಈಕೆ ಆನೆ ಎಂದು ಬರೆದುಕೊಳ್ಳುತ್ತಿದ್ದಳು.

ಎರಡು ಕಿಲೋಮೀಟರ್ ಉದ್ದದ ಒಂದು ನೇರ ಸೀಳುದಾರಿ. ಅದರಲ್ಲಿ ನಡೆಯುತ್ತಾ ಎಡಬಲಗಳಲ್ಲಿ ಕಾಣುವ ಆನೆಯ ಲದ್ದಿಯನ್ನು ದಾಖಲಿಸಬೇಕು. ದಾರಿಯಿಂದ ಲದ್ದಿ ಎಷ್ಟು ದೂರದಲ್ಲಿದೆ ಎಂಬುದನ್ನು ಟೇಪಿನಿಂದ ಅಳೆದು ಬರೆಯಬೇಕು. ಒಂದು ಕಡೆ ಲದ್ದಿ ಪೊದೆಯ ನೆರಳಿನಲ್ಲಿತ್ತು. ಕ್ಯಾಮೆರಾಕ್ಕೆ ಬೆಳಕು ಸಾಲದು. ನಾನು ನಮ್ಮ ಹುಡುಗನಿಗೆ ಹೇಳಿದೆ: "ಕೋಲಿನಿಂದ ಸ್ವಲ್ಪ ಈಚೆಗೆ ತಳ್ಳಪ್ಪಾ." ಅವನು ತಳ್ಳಿದ.

ಆಕೆ ಟೇಪು ಹಿಡಿದು ಬಂದು ನೋಡಿದಳು. "ಸರ್, ಇದು ಇಲ್ಲಿರಲಿಲ್ಲವಲ್ಲ?"

"ಎರಡೇ ಅಡಿ ಅಮ್ಮಾ, ಏನಾಗುತ್ತೆ?" ಎಂದೆ.

"ಎಷ್ಟು ದೂರದಲ್ಲಿತ್ತು ಅನ್ನೋದೇ ಸರ್ ಇಲ್ಲಿ ಲೆಕ್ಕ. ನಾನು ಈಗ ಏನಂತ ಬರೀಲಿ?"

ನನ್ನ ಬಳಿ ಉತ್ತರವಿರಲಿಲ್ಲ. ಆಕೆ ಆ ಸಾಲಿನಲ್ಲಿ "ಅಳತೆಗೆ ಮೊದಲೇ ಜಾಗ ಬದಲಾಗಿದೆ" ಎಂದು ಬರೆದು ಮುಂದೆ ನಡೆದಳು. ಅಭ್ಯಾಸದ ದಿನವಾದ್ದರಿಂದ ನಷ್ಟವಾಗಲಿಲ್ಲ. ನಾಚಿಕೆ ಮಾತ್ರ ನನ್ನ ಪಾಲಿಗೆ ಉಳಿಯಿತು.

ಆಕೆಯ ಮಾತಿನ ಹಿಂದಿನ ವಿಜ್ಞಾನವನ್ನು ನೋಡೋಣ. ದಾರಿಯ ಪಕ್ಕದಲ್ಲೇ ಇರುವ ಲದ್ದಿ ಎಲ್ಲರಿಗೂ ಕಾಣುತ್ತದೆ. ದೂರ ಹೋದಂತೆ ಪೊದೆಯ ಮರೆಯಲ್ಲಿ ಕೆಲವು ತಪ್ಪಿಹೋಗುತ್ತವೆ. ಕಂಡವುಗಳ ದೂರಗಳನ್ನೆಲ್ಲ ಜೋಡಿಸಿದರೆ, ಕಾಣದೆ ಹೋದವು ಎಷ್ಟಿರಬಹುದು ಎಂದು ಗಣಿತ ಅಂದಾಜು ಕಟ್ಟುತ್ತದೆ. ಒಂದು ಚದರ ಕಿಲೋಮೀಟರಿನಲ್ಲಿ 800 ಲದ್ದಿ ರಾಶಿಗಳಿವೆ ಎಂದುಕೊಳ್ಳಿ. ಒಂದೊಂದು ರಾಶಿ ಕರಗಿ ಮಣ್ಣಾಗಲು 100 ದಿನ ಬೇಕೆಂದು ಹಿಡಿಯಿರಿ. ಹಾಗಾದರೆ ದಿನಕ್ಕೆ 8 ಹೊಸ ರಾಶಿಗಳು ಬೀಳುತ್ತಿವೆ. ಒಂದು ಆನೆ ದಿನಕ್ಕೆ ಸುಮಾರು 16 ಬಾರಿ ಲದ್ದಿ ಹಾಕುತ್ತದೆ ಎಂದರೆ, ಎರಡು ಚದರ ಕಿಲೋಮೀಟರಿಗೆ ಒಂದು ಆನೆ ಎಂದಾಯಿತು. ನೋಡಿ, ಆನೆಯನ್ನು ಕಾಣದೆಯೇ ಆನೆಯ ಲೆಕ್ಕ ಸಿಕ್ಕಿತು! ಆದರೆ ಬುಡದಲ್ಲಿರುವ ಅಳತೆ ತಪ್ಪಾದರೆ ಮೇಲಿನ ಲೆಕ್ಕವೆಲ್ಲ ತಪ್ಪು.

2024ರ ಮೇ 23ರಿಂದ 25ರವರೆಗೆ ದಕ್ಷಿಣದ ರಾಜ್ಯಗಳು ಒಟ್ಟಾಗಿ ಆನೆ ಗಣತಿ ನಡೆಸಿದವು. ಒಂದು ದಿನ ನೇರ ಎಣಿಕೆ, ಒಂದು ದಿನ ಸೀಳುದಾರಿಯಲ್ಲಿ ಲದ್ದಿ ಎಣಿಕೆ, ಒಂದು ದಿನ ನೀರಿನ ತಾಣಗಳಲ್ಲಿ ಕಾದು ಕುಳಿತು ಎಣಿಕೆ. ಕೋಲಾರ ಅರಣ್ಯ ವಿಭಾಗವೂ ಅದರಲ್ಲಿ ಸೇರಿತ್ತು. ಆನೆ ಇಂದು ಕರ್ನಾಟಕದಲ್ಲಿ, ನಾಳೆ ಆಂಧ್ರದಲ್ಲಿ ಇರುವುದರಿಂದ ಒಂದೇ ದಿನ ಎಲ್ಲ ಕಡೆ ಎಣಿಸಬೇಕಾಗುತ್ತದೆ.

ಇಂಥ ಕೆಲಸಕ್ಕೆ ಹೋದ ವಿದ್ಯಾರ್ಥಿಗೆ ಬರುವ ಮೊದಲ ಆಸೆ ಏನಾದರೂ ಕಾಣಲಿ ಎಂಬುದು. ಬೆಳಗಿನಿಂದ ಎರಡು ಕಿಲೋಮೀಟರ್ ಮುಳ್ಳಿನಲ್ಲಿ ನಡೆದು ಏನೂ ಸಿಗದಿದ್ದರೆ ಬೇಸರವಾಗುವುದು ಸಹಜ. ಆಗ ಹಾಳೆಯ ಮೇಲೆ ಸೊನ್ನೆ ಎಂದೇ ಬರೆಯಬೇಕು. ಆ ಸೊನ್ನೆಯೂ ಒಂದು ಮಾಹಿತಿ. ಈ ಋತುವಿನಲ್ಲಿ ಆನೆ ಈ ದಾರಿ ಹಿಡಿದಿಲ್ಲ ಎಂದು ಅದು ಹೇಳುತ್ತದೆ.

ಎರಡನೆಯ ಪರೀಕ್ಷೆ ಕಾಡಿನ ಹೊರಗೆ, ರೈತನ ಹೊಲದಲ್ಲಿ. ರಾತ್ರಿ ಆನೆಗಳು ನುಗ್ಗಿ ರಾಗಿ ತುಳಿದಿವೆ. ಬೆಳಿಗ್ಗೆ ಅರಣ್ಯ ಸಿಬ್ಬಂದಿ ಮಹಜರು ಮಾಡಲು ಬರುತ್ತಾರೆ. ಅವರ ಜೊತೆ ಟೇಪಿನ ಇನ್ನೊಂದು ತುದಿ ಹಿಡಿಯುವವರು ನೀವು. ಮನೆಯೊಡತಿ ಕಾಫಿ ಕೊಟ್ಟು, "ಒಂದಿಷ್ಟು ಜಾಸ್ತಿ ಬರಕೊಳ್ಳಪ್ಪಾ" ಎನ್ನಬಹುದು. ಆ ಕುಟುಂಬದ ವರ್ಷದ ಊಟ ನೆಲದ ಮೇಲೆ ಬಿದ್ದಿದೆ, ಮನಸ್ಸು ಕರಗುತ್ತದೆ. ಜಾಸ್ತಿ ಬರೆದರೆ ಮುಂದಿನ ಸಲ ಊರಿನ ನಿಜವಾದ ನಷ್ಟವನ್ನೂ ಯಾರೂ ನಂಬುವುದಿಲ್ಲ. ಅವಸರದಲ್ಲಿ ಕಡಿಮೆ ಬರೆದರೆ ಅವರ ಪರಿಹಾರಕ್ಕೆ ಕತ್ತರಿ ಬೀಳುತ್ತದೆ. ಆನೆಯ ಮೇಲಿನ ಊರಿನ ಸಿಟ್ಟು ಹೆಚ್ಚುತ್ತದೆ. ಪೂರ್ತಿ ಹೊಲ ಸುತ್ತಿ, ಸರಿಯಾಗಿ ಅಳೆದು ಬರೆಯುವುದೇ ಆ ತಾಯಿಗೂ ಆನೆಗೂ ನೀವು ಮಾಡುವ ಉಪಕಾರ.

ಮೂರನೆಯದು, ಗಿಡ ನೆಡುವ ಉತ್ಸಾಹ. ಪರಿಸರ ಸೇವೆ ಎಂದರೆ ಗಿಡ ನೆಡುವುದು ಎಂದೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಗಣಿಯ ಸುತ್ತಲಿನ ಬಯಲನ್ನು ಕಂಡಾಗ "ಎಂಥ ಬರಡು! ಇಲ್ಲಿ ಸಾವಿರ ಗಿಡ ಹಾಕೋಣ" ಎನಿಸುತ್ತದೆ. ಆದರೆ ಕೆ.ಜಿ.ಎಫ್. ಸುತ್ತಲಿನ ಬಯಲುಗಳಲ್ಲಿ ಕೃಷ್ಣಮೃಗಗಳಿವೆ. ಶತ್ರುವನ್ನು ದೂರದಿಂದಲೇ ಕಂಡು ಓಡಿ ಪಾರಾಗುವ ಪ್ರಾಣಿ ಅದು. ಅದಕ್ಕೆ ಬೇಕಾದದ್ದು ಹುಲ್ಲು ಮತ್ತು ತೆರೆದ ನೆಲ. ದಟ್ಟವಾಗಿ ಗಿಡ ತುಂಬಿದರೆ ಅದರ ಮನೆ ಕಿತ್ತುಕೊಂಡಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿಟ್ಟು ರಕ್ಷಿಸಿದೆ. ಅದರ ಹುಲ್ಲುಗಾವಲನ್ನು ನಮ್ಮ ಒಳ್ಳೆಯ ಉದ್ದೇಶದಿಂದ ಯಾರು ರಕ್ಷಿಸಬೇಕು? ಕೋಲಾರ ಜಿಲ್ಲೆ ಈ ಪಾಠವನ್ನು ಒಮ್ಮೆ ಕಲಿತಿದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಇಲ್ಲಿ ಹೊಲಗಳಿಗೂ ನೀಲಗಿರಿ ಹರಡಿತು. ಹಸಿರು ಕಂಡಿತು, ಅಂತರ್ಜಲದ ಬಗ್ಗೆ ದೂರುಗಳೂ ಬಂದವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದ್ದರಿಂದ ಗಿಡ ನೆಡುವ ಮೊದಲು ಆ ನೆಲದಲ್ಲಿ ಈಗಾಗಲೇ ಏನಿದೆ, ಯಾರಿದ್ದಾರೆ ಎಂದು ನೋಡಿ ಬರೆದುಕೊಳ್ಳಬೇಕು.

ನೀವೂ ಇಂಥ ಕೆಲಸಕ್ಕೆ ಹೋಗಬಹುದೇ? ಖಂಡಿತ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲಿ ಪದವಿ ಓದುವವರಿಗೆ ಕಾಡಿನ ಕೆಲಸ ಓದಿನ ಭಾಗವೇ ಆಗಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವವರು ತಮ್ಮ ಪ್ರಾಂಶುಪಾಲರ ಪತ್ರದೊಂದಿಗೆ ಅರಣ್ಯ ವಿಭಾಗದ ಕಚೇರಿಯಲ್ಲಿ ವಿಚಾರಿಸಬಹುದು. ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅನುಮತಿಯಿಲ್ಲದೆ ಸ್ನೇಹಿತರ ಗುಂಪು ಕಟ್ಟಿಕೊಂಡು ಆನೆ ನೋಡಲು ಹೋಗುವುದು ಕಾನೂನಿಗೂ ವಿರೋಧ, ಜೀವಕ್ಕೂ ಅಪಾಯ. ಹೋದಾಗ ವಾಚರ್ ಹೇಳಿದ ಹಾಗೆ ನಡೆಯಿರಿ. "ನಿಲ್ಲು" ಎಂದರೆ ಕಾರಣ ಕೇಳದೆ ನಿಲ್ಲಿ, ಕಾರಣವನ್ನು ಆಮೇಲೆ ಕೇಳಿ. ಅವರ ಓದು ನಿಮಗಿಂತ ಕಡಿಮೆ ಇರಬಹುದು, ಕಾಡಿನ ಓದು ಬಹಳ ಹೆಚ್ಚು.

ಶಾಲೆಯ ಮಕ್ಕಳು ಇಂದೇ ಆರಂಭಿಸಬಹುದು. ನಿಮ್ಮ ಶಾಲೆಯ ಬಳಿಯ ಕೆರೆಯನ್ನೋ ಗೋಮಾಳವನ್ನೋ ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಅರ್ಧ ಗಂಟೆ ಕುಳಿತು ಕಂಡ ಹಕ್ಕಿಗಳನ್ನು ಎಣಿಸಿ. ದಿನಾಂಕ, ಗಂಟೆ, ಮೋಡವೋ ಬಿಸಿಲೋ, ಎಲ್ಲವನ್ನೂ ಬರೆಯಿರಿ. ಏನೂ ಕಾಣದ ದಿನ ಸೊನ್ನೆ ಬರೆಯಿರಿ. ಒಂದು ವರ್ಷ ಹೀಗೆ ಬರೆದರೆ, ಆ ಕೆರೆಯ ಬಗ್ಗೆ ನಿಮ್ಮ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿಗಳು ನಿಮ್ಮ ನೋಟ್‌ಬುಕ್ಕಿನಲ್ಲಿರುತ್ತವೆ.

ಅಂದು ತೆಗೆದ ಲದ್ದಿಯ ಆ ದೃಶ್ಯವನ್ನು ನಾವು ಕಾರ್ಯಕ್ರಮದಲ್ಲಿ ಬಳಸಲಿಲ್ಲ. ಅದರ ಬದಲು ಆಕೆ ಟೇಪು ಮಡಚಿ ಮುಂದೆ ನಡೆದುಹೋಗುವ ದೃಶ್ಯವನ್ನು ಹಾಕಿದೆವು. ಬೆಳಕು ಕಡಿಮೆಯಿತ್ತು. ಆದರೂ ಇರಲಿ ಎಂದೆವು.