ಸತ್ತವರ ಲೆಕ್ಕ ಯಾರ ವಹಿಯಲ್ಲಿದೆ?

(ಸಿಂಧನೂರಿನಲ್ಲಿ ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಹಿಯಲ್ಲಿ ಲಾಭವನ್ನಷ್ಟೇ ಬರೆದು ನಷ್ಟವನ್ನು ಬಿಟ್ಟರೆ ಆ ಅಂಗಡಿ ಎಷ್ಟು ದಿನ ನಡೆದೀತು? ಗಿರಣಿಯಲ್ಲಿ ನುಚ್ಚು ಹೆಚ್ಚು ಬಿದ್ದರೆ ಯಂತ್ರ ನಿಲ್ಲಿಸಿ ಕಾರಣ ಹುಡುಕುತ್ತೇವೆ. ನುಚ್ಚಿಗಿರುವ ಈ ವಿಚಾರಣೆ ಮನುಷ್ಯನ ಸಾವಿಗೆ ಬೇಡವೇ?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕ್ಯಾನ್ಸರ್ ರೋಗಿಗಳು ಬೆಂಗಳೂರಿಗೋ ಕಲಬುರಗಿಗೋ ಹೋಗಿ ಕೀಮೋಥೆರಪಿ ಪಡೆದು ಊರಿಗೆ ಮರಳುತ್ತಾರೆ. ಅದರಿಂದ ಎಷ್ಟೋ ಜನ ಬದುಕಿದ್ದಾರೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಆ ಔಷಧ ರೋಗದೊಡನೆ ರಕ್ತದ ಬಿಳಿ ಕಣಗಳನ್ನೂ ಇಳಿಸುತ್ತದೆ. ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಅವು ತೀರಾ ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕೂಡಲೇ ಆಸ್ಪತ್ರೆ ಸೇರಿ ನರಕ್ಕೆ ಔಷಧ ಬೀಳಬೇಕು. ಆ ಹೊತ್ತಿಗೆ ರೋಗಿ ಇರುವುದು ಮಸ್ಕಿಯ ಮನೆಯಲ್ಲಿ. ಬೆಂಗಳೂರು ಒಂದು ರಾತ್ರಿಯ ಬಸ್ಸಿನ ದೂರ. ಮನೆಯವರು ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯುತ್ತಾರೆ. ಆತ ತೀರಿಕೊಂಡರೆ ಊರು “ಕ್ಯಾನ್ಸರಿನಿಂದ ಸತ್ತ” ಎನ್ನುತ್ತದೆ. ಯಾರೂ ತಿಳಿಸದಿದ್ದರೆ, ದೂರದ ಆಸ್ಪತ್ರೆಗೆ ಆತ ಮುಂದಿನ ಸರದಿಗೆ ಬಾರದ ಒಬ್ಬ ರೋಗಿ, ಅಷ್ಟೆ.

ಬ್ರಿಟನ್ನಿನಲ್ಲಿ ಇಂಥ ಚಿಕಿತ್ಸೆಯಾದ 30 ದಿನಗಳೊಳಗೆ ಸತ್ತವರ ಕಾಗದಪತ್ರಗಳನ್ನು ವೈದ್ಯರ ಮಂಡಲಿಯೊಂದು ಓದಿ 2008ರಲ್ಲಿ ವರದಿ ಕೊಟ್ಟಿತು. ನೂರರಲ್ಲಿ 27 ಸಾವುಗಳನ್ನು ಚಿಕಿತ್ಸೆಯೇ ತಂದಿತ್ತು, ಇಲ್ಲವೆ ಹತ್ತಿರ ಮಾಡಿತ್ತು. ಒಳ್ಳೆಯ ಆರೈಕೆ ಸಿಕ್ಕಿದ್ದು ನೂರರಲ್ಲಿ 35 ಮಂದಿಗೆ ಮಾತ್ರ. ಬಚ್ಚಿಡದೆ ಅಚ್ಚುಮಾಡಿದ್ದರಿಂದಲೇ ತುರ್ತು ಕ್ಯಾನ್ಸರ್ ಆರೈಕೆಯ ವ್ಯವಸ್ಥೆ ಅಲ್ಲಿ ಸುಧಾರಿಸಿತು.

ದೂರದ ಮಾತೇಕೆ? 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಆ ಸಾವುಗಳನ್ನು ಒಟ್ಟಿಗಿಟ್ಟು ನೋಡಿದಾಗ ನರಕ್ಕೆ ಹಾಕಿದ ದ್ರಾವಣದ ಮೇಲೆ ಸಂಶಯ ಬಿದ್ದು, ಅದರ ಬಳಕೆ ನಿಂತಿತು. ಬಿಡಿಬಿಡಿಯಾಗಿ ನೋಡಿದ್ದರೆ ಪ್ರತಿಯೊಂದೂ ಹಣೆಬರಹವೆನಿಸಿಕೊಳ್ಳುತ್ತಿತ್ತು.

ವೈದ್ಯರನ್ನು ಕಟಕಟೆಗೆ ಹತ್ತಿಸಿರೆಂದು ನಾವು ಕೇಳುತ್ತಿಲ್ಲ. ಹಾಗೆ ಮಾಡಿದರೆ ಕಾಗದಪತ್ರಗಳೇ ಮಾಯವಾದಾವು. ರೋಗ ಬಲಿತ ಮೇಲೆ ಬರುವ ಬಡವರನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಹೆಚ್ಚಿದ್ದರೆ ಅದೊಂದೇ ಅಪರಾಧವೂ ಅಲ್ಲ. ನಾವು ಕೇಳುವುದು ಮೂರು: ಚಿಕಿತ್ಸೆಯಾದ ಪ್ರತಿ ರೋಗಿಯನ್ನೂ 30 ದಿನ ವಿಚಾರಿಸಿಕೊಳ್ಳಬೇಕು. ತಾಲೂಕು ಆಸ್ಪತ್ರೆಯಲ್ಲಿ ಜ್ವರದ ಔಷಧವೂ ಅದನ್ನು ಕೊಡಬಲ್ಲವರೂ ರಾತ್ರಿ ಹೊತ್ತಿನಲ್ಲೂ ಇರಬೇಕು. ಸಾವಾದರೆ ಸುದ್ದಿ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಮುಟ್ಟಿ, ಅವರು ಕೂಡಿ ಓದಿ, ಕಲಿತ ಪಾಠವನ್ನು ಹೆಸರಿಲ್ಲದೆ ಪ್ರಕಟಿಸಬೇಕು.

2025ರಿಂದ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಕೀಮೋ ಕೇಂದ್ರಗಳನ್ನು ತೆರೆದಿದೆ, ಸ್ವಾಗತ. ಔಷಧ ಹತ್ತಿರ ಬಂದಂತೆ ಲೆಕ್ಕವೂ ಹತ್ತಿರ ಬರಲಿ. ಸತ್ತವನು ತಿರುಗಿ ಬರಲಾರ. ಅವನ ಸಾವಿನಿಂದ ಕಲಿತರೆ ನಾಳೆ ಅದೇ ಬಸ್ಸಿನಲ್ಲಿ ಇಳಿಯುವವನು ಉಳಿದಾನು.