ಕೆರೆಯ ಕೋಡಿ

ಕೆರೆ ಕೋಡಿ ಬಿತ್ತೆಂದರೆ ನಮ್ಮ ಹಿರಿಯರು ಹಿಗ್ಗಿ ಬಾಗಿನ ಅರ್ಪಿಸುತ್ತಿದ್ದರು. ನಾಗಸಂದ್ರದ ನನ್ನ ತರಗತಿಯಲ್ಲಿ ಆ ಮಾತಿನ ಅರ್ಥ ಕೇಳಿದರೆ, ‘ಮನೆಗೆ ನೀರು ನುಗ್ಗಿತು’ ಎನ್ನುತ್ತಾರೆ ಮಕ್ಕಳು. ತಪ್ಪೆನ್ನಲು ನನಗೆ ಬಾಯಿ ಬಾರದು. ಯಲಹಂಕದ ಕೆರೆ ತುಂಬಿ, ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲಿ ನೀರು ಹೊಕ್ಕಿತು. 2024ರ ಅಕ್ಟೋಬರಿನಲ್ಲಿ ಪುನಃ ಹೊಕ್ಕಿತು. ಎರಡು ಸಲವೂ ರಕ್ಷಣಾ ಪಡೆಯವರು ದೋಣಿ ತಂದು ವೃದ್ಧರನ್ನೂ ಮಕ್ಕಳನ್ನೂ ಹೊರಗೆ ಕರೆತಂದರು. ಬೆಂಗಳೂರಿನ ಬೀದಿಯಲ್ಲಿ ದೋಣಿ! ಆ ಶ್ರಮ ಸ್ತುತ್ಯವೇ ಸರಿ. ಆದರೆ ಕೋಡಿಯ ನೀರನ್ನು ಮುಂದಿನ ಕೆರೆಗೆ ಒಯ್ಯುವುದು ರಾಜಕಾಲುವೆಯ ಕೆಲಸ. ಅದು ಕಿರಿದಾಗಿ ಹೂಳು ತುಂಬಿದರೆ ನೀರು ಮನೆಗಳನ್ನು ಹೊಗದೆ ಮತ್ತೆಲ್ಲಿಗೆ ಹೋದೀತು? ತಮ್ಮ ಬಡಾವಣೆಯ ಕಾಲುವೆ ಎಲ್ಲಿತ್ತೆಂದು ಗ್ರಾಮನಕ್ಷೆಯಲ್ಲಿ ಬೇಸಗೆಯಲ್ಲೇ ನೋಡಿಕೊಳ್ಳಿ. ನಮ್ಮದನ್ನು ಮಕ್ಕಳೊಡನೆ ಹುಡುಕಲು ನಾನೂ ಹೊರಟಿದ್ದೇನೆ.