ಹಿತ್ತಲ ಕೋಳಿಗೆ ಎಷ್ಟು ಜಾಗ ಬೇಕು?



ಹಳ್ಳಿಯ ನಾಟಿ ಕೋಳಿಗೆ ರಾತ್ರಿ ತಂಗಲು ಒಂದು ಮಂಕರಿ ಸಾಕು. ಹಗಲೆಲ್ಲ ಅದು ತಿಪ್ಪೆ ಕೆದಕುತ್ತ ಊರೆಲ್ಲ ಮೇಯುತ್ತದೆ. ಆದರೆ ಪಟ್ಟಣದ ಹಿತ್ತಲಿನಲ್ಲಿ ಕೋಳಿಯನ್ನು ಹಗಲೂ ಬೇಲಿಯೊಳಗೇ ಇರಿಸಬೇಕಾಗುತ್ತದೆ. ಅದರಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯದು ದೊಡ್ಡ ಮೈಕಟ್ಟು. ಹಾಗಾಗಿ ಜಾಗದ ಲೆಕ್ಕ ತಿಳಿದಿರಬೇಕು.

ಕೋಳಿಗಳಲ್ಲಿ ಮೇಲು-ಕೀಳಿನ ಶ್ರೇಣಿಯಿದೆ. ಇದನ್ನು 1920ರ ದಶಕದ ಆರಂಭದಲ್ಲಿ ವಿವರಿಸಿದವರು ನಾರ್ವೆಯ ಪ್ರಾಣಿವಿಜ್ಞಾನಿ ಥಾರ್ಲೀಫ್ ಶೆಲ್ಡೆರುಪ್-ಎಬ್ಬೆ. ಬಲವಾದ ಕೋಳಿ ಕುಕ್ಕುತ್ತದೆ, ದುರ್ಬಲ ಕೋಳಿ ದೂರ ಸರಿಯುತ್ತದೆ. ಜಗಳ ಅಲ್ಲಿಗೆ ಮುಗಿಯುತ್ತದೆ. ಸರಿಯಲು ಜಾಗವೇ ಇಲ್ಲದಿದ್ದರೆ? ಕುಕ್ಕಾಟ ನಿಲ್ಲುವುದಿಲ್ಲ. ಗರಿ ಉದುರಿ ಗಾಯವಾಗುತ್ತದೆ. ರಕ್ತ ಕಂಡರೆ ಉಳಿದ ಕೋಳಿಗಳೂ ಎರಗುತ್ತವೆ. ಕೊನೆಗೆ ಆ ಕೋಳಿ ಸಾಯಲೂಬಹುದು.

ಇಕ್ಕಟ್ಟಿನಿಂದ ಇನ್ನೂ ಒಂದು ಕೇಡಿದೆ. ಹಿಕ್ಕೆಯಲ್ಲಿನ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ಕಿರಿದಾದ ಗೂಡಿನಲ್ಲಿ ಅದು ಬೇಗ ತುಂಬಿಕೊಂಡು ಕೋಳಿಯ ಕಣ್ಣು, ಶ್ವಾಸನಾಳಗಳನ್ನು ಕೆಡಿಸುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳೂ ಇಲ್ಲ. ಸೆಕೆಯಾದಾಗ ರೆಕ್ಕೆ ಅಗಲಿಸಿ, ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಇದಕ್ಕೂ ಜಾಗ ಬೇಕು.

ಕೋಳಿಯೊಂದಕ್ಕೆ ಗೂಡಿನೊಳಗೆ 4 ಚದರ ಅಡಿ, ಬೇಲಿಯೊಳಗಿನ ಅಂಗಳದಲ್ಲಿ 10 ಚದರ ಅಡಿ, ಕೂರುವ ಕೋಲಿನ ಮೇಲೆ 8 ಅಂಗುಲ ಕೊಡಿ. ಆರು ಕೋಳಿಗಳಿಗೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು. 10 ಅಡಿ ಉದ್ದ, 6 ಅಡಿ ಅಗಲದ ಅಂಗಳ ಬೇಕಾಗುತ್ತದೆ.

ಆದ್ದರಿಂದ ಮರಿ ಕೊಳ್ಳುವ ಮೊದಲು ಟೇಪು ಹಿಡಿದು ಹಿತ್ತಲನ್ನು ಅಳೆಯಿರಿ. ಜಾಗ ಸಾಲದಿದ್ದರೆ ಆರರ ಬದಲು ಮೂರೇ ಮರಿ ತನ್ನಿ.